ಚಿಪ್ಪಿನೊಳಗಿನ ಬಾಯಾರಿಕೆ

ಕಳೆದ ಜನವರಿಯ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ. ಶಾರ್ಜಾದಿಂದ ತಂಗಿಯ ಫೋನು ಬಂತು. "ಆಪಾ, ನಮ್ಮ ಆಮೆಗೆ ಏನೋ ಆಗಿದೆ. ಹತ್ತೊಂಬತ್ತು ದಿನದಿಂದ ಒಂದೆಲೆಯನ್ನೂ ಮುಟ್ಟಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ, ಚಳಿಗಾಲ ಅಲ್ಲವೇ, ಮಲಗಿದೆ, ಮಾರ್ಚ್‌ವರೆಗೆ ಎಬ್ಬಿಸಬೇಡಿ ಎನ್ನುತ್ತಾನೆ. ಇಲ್ಲಿ ಇವನ ಅಳು ನಿಲ್ಲುತ್ತಿಲ್ಲ" ಎಂದಳು. ಇವನು ಎಂದರೆ ಅವಳ ಮಗ, ಹತ್ತು ವರ್ಷದ ಹುಡುಗ.

ಅಂಗಡಿಯವನನ್ನು ಮಾತ್ರ ದೂರುವಂತಿಲ್ಲ. ನಾನೂ ಅದನ್ನೇ ಹೇಳಿದೆ. ಕಪ್ಪೆ, ಆಮೆ, ಹಾವುಗಳು ಚಳಿಗಾಲದಲ್ಲಿ ಶಿಶಿರನಿದ್ರೆ ಮಾಡುತ್ತವೆ ಎಂದು ಎಷ್ಟೋ ವರ್ಷಗಳಿಂದ ತರಗತಿಯ ಬೋರ್ಡಿನ ಮೇಲೆ ಬರೆದವಳು ನಾನು. "ಗಾಬರಿಯಾಗಬೇಡ, ಮಲಗಿರಬಹುದು" ಎಂದುಬಿಟ್ಟೆ. ಆಗ ಹಿಂದಿನಿಂದ ಹುಡುಗನ ಸ್ವರ ಕೇಳಿಸಿತು: "ಖಾಲಾ, ಅಕ್ಟೋಬರ್‌ನಲ್ಲಿ ಅದು 704 ಗ್ರಾಂ ಇತ್ತು. ಈಗ 612 ಇದೆ." ಶಾಲೆಯ ಪ್ರಾಜೆಕ್ಟಿಗೆಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡಿದ್ದನಂತೆ.

ಕೆಂಪು ಶಾಯಿಯ ಪೆನ್ನು ಕೈಯಲ್ಲೇ ಇತ್ತು. ಉತ್ತರ ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದೆ. 92 ಗ್ರಾಂ, ಅಂದರೆ ನೂರಕ್ಕೆ ಹದಿಮೂರು ಭಾಗ. ಐವತ್ತು ಕಿಲೋ ತೂಗುವ ಹೆಣ್ಣುಮಗಳೊಬ್ಬಳು ಮೂರು ತಿಂಗಳಲ್ಲಿ ಆರೂವರೆ ಕಿಲೋ ಇಳಿದರೆ ಮನೆಯವರು ಸುಮ್ಮನೆ ಕೂರುತ್ತಾರೆಯೇ? ಅದೂ ಇದು ಬೆಳೆಯುವ ಮರಿ, ತಿಂಗಳು ತಿಂಗಳಿಗೆ ತೂಕ ಏರಬೇಕಾದದ್ದು. "ನಾನು ಹೇಳಿದ್ದು ತಪ್ಪು, ಬೆಳಿಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ" ಎಂದೆ.

ಮರುದಿನ ಅವರು ಸರೀಸೃಪಗಳನ್ನು ನೋಡುವ ಪಶುವೈದ್ಯೆಯೊಬ್ಬರನ್ನು ಹುಡುಕಿಕೊಂಡು ಹೋದರು. ಆಕೆ ಆಮೆಯ ಕಣ್ಣು ನೋಡಿದರು, ಹಿಂಗಾಲಿನ ಬುಡದ ಚರ್ಮವನ್ನು ಹಿಡಿದು ನೋಡಿದರು, ಬಾಯಿ ತೆರೆಸಿದರು, ಎಕ್ಸ್‌ರೇ ತೆಗೆದರು. ಆಮೇಲೆ ಹೇಳಿದ್ದು ಎರಡೇ ಮಾತು. ಈ ಜಾತಿಯ ಆಮೆ ಚಳಿಗಾಲದಲ್ಲಿ ಮಲಗುವುದೇ ಇಲ್ಲ. ಇದಕ್ಕೆ ಬಾಯಾರಿಕೆಯಾಗಿದೆ, ಅದೂ ವಾರಗಳಿಂದಲ್ಲ, ತಿಂಗಳುಗಳಿಂದ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂದಾಗ ನಾನು ಶಾರ್ಜಾಕ್ಕೆ ಹೋಗಿ ಒಂದು ತಿಂಗಳು ತಂಗಿಯ ಮನೆಯಲ್ಲಿದ್ದೆ. ವೈದ್ಯೆಯ ಬಳಿಗೆ ಎರಡು ಸಲ ಜೊತೆಯಲ್ಲಿ ಹೋದೆ. ಗಲ್ಫಿನ ಫ್ಲ್ಯಾಟುಗಳಲ್ಲಿ ನಮ್ಮ ಊರಿನ ಎಷ್ಟೋ ಕುಟುಂಬಗಳು ಮಕ್ಕಳ ಹಟಕ್ಕೆ ಆಮೆ ತಂದಿಟ್ಟುಕೊಂಡಿರುವುದನ್ನು ಅಲ್ಲಿಯೇ ನೋಡಿದೆ. ಬೆಕ್ಕಿನಂತೆ ಕೂದಲು ಉದುರಿಸುವುದಿಲ್ಲ, ಗಿಳಿಯಂತೆ ಕಿರುಚುವುದಿಲ್ಲ, ಒಂದು ಮೂಲೆಯಲ್ಲಿ ಬಿದ್ದಿರುತ್ತದೆ ಎಂಬ ಧೈರ್ಯ. ಆ ಮನೆಗಳ ಸಹೋದರಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮರುಭೂಮಿಯ ಪ್ರಾಣಿಗೆ ನೀರೇಕೆ?

ಆಮೆ ತಂದ ಪೆಟ್ಟಿಗೆಯ ಮೇಲೆ ಅರಬಿಯಲ್ಲಿ 'ಸುಲಹ್‌ಫಾ' ಎಂದು ಬರೆದಿತ್ತು. ಸುಲಹ್‌ಫಾ ಎಂದರೆ ಆಮೆ, ಅಷ್ಟೇ. ಯಾವ ಆಮೆ, ಎಲ್ಲಿಯದು ಎಂಬುದಿಲ್ಲ. ನಿಜದಲ್ಲಿ ಅದು ಆಫ್ರಿಕಾದ ಸಲ್ಕಾಟಾ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಸೆನೆಗಲ್, ಮಾಲಿ, ನೈಜರ್, ಚಾಡ್, ಸುಡಾನ್ ದೇಶಗಳ ಒಣ ಬಯಲು ಇದರ ಊರು. ತಂದಾಗ ಚಹಾದ ಸಾಸರಿನಲ್ಲಿ ಕೂರುವಷ್ಟಿತ್ತು. "ಮರುಭೂಮಿಯ ಆಮೆ ಇದು, ನೀರು ಬೇಡ, ಎಲೆಯಲ್ಲಿರುವ ನೀರೇ ಸಾಕು" ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ತಂಗಿ ಅದನ್ನು ಅಕ್ಷರಶಃ ಪಾಲಿಸಿದಳು. ಎರಡು ವರ್ಷ ಆ ಮನೆಯಲ್ಲಿ ಆಮೆಯ ಮುಂದೆ ನೀರಿನ ತಟ್ಟೆಯನ್ನೇ ಇಟ್ಟಿರಲಿಲ್ಲ.

ಮಾತು ಕೇಳಲು ಸರಿಯೆನಿಸುತ್ತದೆ. ಆದರೆ ಮರುಭೂಮಿಯ ಅಂಚಿನಲ್ಲಿ ಆಮೆ ಹೇಗೆ ಬದುಕುತ್ತದೆ ಎಂದು ಯಾರೂ ವಿಚಾರಿಸಲಿಲ್ಲ. ಸಲ್ಕಾಟಾ ನೆಲ ಕೊರೆಯುವ ಪ್ರಾಣಿ. ಬಿಸಿಲೇರುತ್ತಿದ್ದಂತೆ ತಾನೇ ತೋಡಿಕೊಂಡ ಉದ್ದನೆಯ ಬಿಲದೊಳಗೆ ಇಳಿಯುತ್ತದೆ. ಮೇಲೆ ನೆಲ ಸುಡುತ್ತಿದ್ದರೂ ಬಿಲದ ತಳದಲ್ಲಿ ಮಣ್ಣು ತಂಪಾಗಿ, ಗಾಳಿ ತೇವವಾಗಿರುತ್ತದೆ. ಉಸಿರಿನಲ್ಲಿ ಹೋಗುವ ನೀರು ಅಲ್ಲಿ ಕಡಿಮೆ. ಮಳೆ ಬಂದರೆ ಹೊರಗೆ ಬಂದು ಹೊಂಡದಲ್ಲಿ ನಿಂತ ನೀರನ್ನು ಹೊಟ್ಟೆ ತುಂಬ ಕುಡಿಯುತ್ತದೆ. ಫ್ಲ್ಯಾಟಿನಲ್ಲಿ ಬಿಲವೆಲ್ಲಿ? ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಗಲೂ ರಾತ್ರಿ ಎ.ಸಿ. ಓಡುತ್ತಿರುತ್ತದೆ. ಎ.ಸಿ.ಯ ಪೈಪಿನಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರನ್ನು ನೋಡಿದ್ದೀರಲ್ಲವೇ? ಕೋಣೆಯ ಗಾಳಿಯಿಂದ ಹೀರಿ ತೆಗೆದ ತೇವ ಅದು. ನಮ್ಮ ತುಟಿ ಒಡೆಯುವ ಆ ಗಾಳಿಯಲ್ಲಿ, ಟೈಲ್ಸಿನ ಮೇಲೆ, ಬಿಲವಿಲ್ಲದೆ, ನೀರಿಲ್ಲದೆ ಆ ಮರಿ ಎರಡು ಬೇಸಿಗೆ ಕಳೆದಿತ್ತು. ಡಿಸೆಂಬರ್‌ನಲ್ಲಿ ಅದರ ಬಿಸಿ ಬಲ್ಬ್ ಸುಟ್ಟುಹೋಯಿತು. ನಾಳೆ ತರೋಣ, ನಾಡಿದ್ದು ತರೋಣ ಎಂದು ಬಲ್ಬ್ ಬರಲೇ ಇಲ್ಲ. ಮೈ ತಣ್ಣಗಾದ ಆಮೆ ತಿನ್ನುವುದನ್ನೂ ಬಿಟ್ಟಿತು.

ಆಮೆಯ ಒಡಲಿನ ವ್ಯವಸ್ಥೆಯನ್ನು ವೈದ್ಯೆ ಬಹಳ ಸರಳವಾಗಿ ವಿವರಿಸಿದರು. ನಮ್ಮ ದೇಹದ ಕಶ್ಮಲ ನೀರಿನಲ್ಲಿ ಕರಗಿ ಮೂತ್ರವಾಗಿ ಹೋಗುತ್ತದೆ. ನೆಲದ ಆಮೆಗೆ ಅಷ್ಟು ನೀರು ಖರ್ಚು ಮಾಡುವ ಅನುಕೂಲವಿಲ್ಲ. ಅದು ಕಶ್ಮಲದ ಬಹುಭಾಗವನ್ನು ಯುರೇಟ್ ಎಂಬ ಬಿಳಿಯ ಲೋಳೆಯಾಗಿಸಿ ಹೊರಹಾಕುತ್ತದೆ. ಮೂತ್ರಕೋಶ ಅದಕ್ಕೆ ನೀರಿನ ಟ್ಯಾಂಕಿಯೂ ಹೌದು. ಕುಡಿಯಲು ಸಿಗದಾಗ ಆ ಟ್ಯಾಂಕಿಯ ನೀರನ್ನೇ ಮೈಗೆ ವಾಪಸು ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡಷ್ಟೂ ಉಳಿದ ಬಿಳಿ ಲೋಳೆ ಗಟ್ಟಿಯಾಗುತ್ತದೆ. ಪಾಯಸವನ್ನು ಒಲೆಯ ಮೇಲೆ ಮರೆತರೆ ಏನಾಗುತ್ತದೆ? ಹಾಗೆಯೇ. ಮೊದಲು ಕೆನೆಯಂತಿದ್ದದ್ದು ಟೂತ್‌ಪೇಸ್ಟಿನಂತಾಗಿ, ಆಮೇಲೆ ಮರಳಿನಂತಾಗಿ, ಕೊನೆಗೆ ಕಲ್ಲಾಗುತ್ತದೆ. ಕಲ್ಲು ದೊಡ್ಡದಾದರೆ ಚಿಪ್ಪನ್ನೇ ಕತ್ತರಿಸಿ ತೆಗೆಯಬೇಕಾಗಬಹುದು. ನಮ್ಮ ಹುಡುಗನ ಆಮೆಗೆ ಕಲ್ಲಾಗಿರಲಿಲ್ಲ. ಮರಳಿನ ಹಂತದಲ್ಲಿತ್ತು.

ಕಣ್ಣಿಗೆ ಕಾಣುವ ಗುರುತುಗಳು

ಆಮೆ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಕಾಡಿನಲ್ಲಿ ಬಲಹೀನವಾಗಿ ಕಂಡದ್ದನ್ನು ಬೇಟೆಯ ಪ್ರಾಣಿ ಮೊದಲು ಹಿಡಿಯುತ್ತದೆ, ಆದ್ದರಿಂದ ಇರಬಹುದು. ನರಳುವುದಿಲ್ಲ, ಕೂಗುವುದಿಲ್ಲ. ಕಾಯಿಲೆ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ಹಾಗಾಗಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಮೊದಲು ಕಣ್ಣು. ಆರೋಗ್ಯವಂತ ಆಮೆಯ ಕಣ್ಣು ತುಂಬಿಕೊಂಡು ಹೊಳೆಯುತ್ತದೆ. ನೀರು ಬತ್ತಿದಾಗ ಕಣ್ಣುಗುಡ್ಡೆ ಒಳಕ್ಕೆ ಇಳಿದು ಸುತ್ತ ಗುಳಿ ಬೀಳುತ್ತದೆ. ನಮ್ಮ ಹಿರಿಯರು ಭೇದಿಯಾದ ಮಗುವಿನ ಕಣ್ಣು ನೋಡಿಯೇ 'ಮಗು ಒಣಗಿದೆ' ಎನ್ನುತ್ತಿದ್ದರಲ್ಲ, ಅದೇ ನೋಟ ಇಲ್ಲಿಯೂ ಬೇಕು. ಆಮೇಲೆ ಕುತ್ತಿಗೆ ಮತ್ತು ಕಾಲಿನ ಬುಡದ ಚರ್ಮ. ಆಮೆಯ ಚರ್ಮ ಹೇಗೂ ಸುಕ್ಕಾಗಿಯೇ ಇರುತ್ತದೆ. ಆದರೆ ಒಣಗಿದಾಗ ಅದು ಜೋತುಬಿದ್ದು, ಹೊಟ್ಟು ಹೊಟ್ಟಾಗಿ, ಮೆದುವಾಗಿ ಹಿಡಿದು ಬಿಟ್ಟರೆ ಹಿಡಿದಲ್ಲೇ ನಿಲ್ಲುತ್ತದೆ. ಬಾಯೊಳಗೆ ಜೊಲ್ಲು ಅಂಟಂಟಾಗಿ ದಾರದಂತೆ ಎಳೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಆ ಬಿಳಿಯ ಯುರೇಟ್. ತಂಗಿ ಅದನ್ನು ಹಕ್ಕಿಯ ಹಿಕ್ಕೆಯೆಂದು ತಿಳಿದು ಒರೆಸಿ ಎಸೆಯುತ್ತಿದ್ದಳಂತೆ. ಎಸೆಯುವ ಮುನ್ನ ಟಿಶ್ಯೂ ಕಾಗದದಲ್ಲಿ ಹಿಡಿದು ಬೆರಳ ನಡುವೆ ಉಜ್ಜಿ ನೋಡಿ. ಮೆತ್ತಗೆ ಕೆನೆಯಂತಿದ್ದರೆ ಚಿಂತೆಯಿಲ್ಲ. ರವೆಯಂತೆ ಬೆರಳಿಗೆ ಸಿಕ್ಕರೆ ನೀರು ಸಾಲದು ಎಂದೇ ಅರ್ಥ. ಯುರೇಟ್ ಬರುವುದೇ ನಿಂತು, ಆಮೆ ಹಿಂಗಾಲು ಒತ್ತಿ ಮುಕ್ಕುತ್ತಿದ್ದರೆ ಕಲ್ಲಿರಬಹುದು, ಹೆಣ್ಣಾಮೆಯಾದರೆ ಮೊಟ್ಟೆ ಸಿಕ್ಕಿಕೊಂಡಿರಲೂಬಹುದು. ಎರಡಕ್ಕೂ ಮನೆಮದ್ದಿಲ್ಲ, ಎಕ್ಸ್‌ರೇ ಬೇಕೇ ಬೇಕು.

ಇನ್ನು ತೂಕ. ಆ ಆಮೆಯನ್ನು ಉಳಿಸಿದ್ದು ಡಾಕ್ಟರಿಗಿಂತ ಮೊದಲು ಹುಡುಗನ ನೋಟುಬುಕ್ಕು ಎಂದೇ ನಾನು ನಂಬಿದ್ದೇನೆ. ನಮ್ಮ ಕಣ್ಣಿಗೆ ಚಿಪ್ಪು ಮಾತ್ರ ಕಾಣುತ್ತದೆ, ಚಿಪ್ಪು ಸೊರಗುವುದಿಲ್ಲ. ಒಳಗಿನ ಮೈ ಸೊರಗಿದ್ದನ್ನು ತಕ್ಕಡಿ ಮಾತ್ರ ಹೇಳಬಲ್ಲದು. ವಾರಕ್ಕೊಮ್ಮೆ ಒಂದೇ ದಿನ, ಸ್ನಾನಕ್ಕೆ ಮೊದಲು ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂತ್ರ ಹೋದ ದಿನ ಸ್ವಲ್ಪ ಕಡಿಮೆಯಾಗುವುದು ಸಹಜ. ವಾರ ವಾರವೂ ಇಳಿಯುತ್ತಲೇ ಹೋದರೆ, ಅಥವಾ ನೂರಕ್ಕೆ ಹತ್ತು ಭಾಗ ಇಳಿದರೆ ಕಾಯಬೇಡಿ. ಆ ತಕ್ಕಡಿಯಲ್ಲಿ ಮಾತ್ರ ಮತ್ತೆ ಮೈದಾ ತೂಗಬೇಡಿ, ಬೇರೆಯೇ ಇಟ್ಟುಕೊಳ್ಳಿ. ಕಾರಣ ಮುಂದೆ ಹೇಳುತ್ತೇನೆ.

ನಿದ್ದೆಯ ವಿಷಯದಲ್ಲಿ ನನ್ನದೇ ತಪ್ಪನ್ನು ತಿದ್ದಿಕೊಳ್ಳಬೇಕು. ಎಲ್ಲ ಆಮೆಗಳೂ ಚಳಿಗಾಲದಲ್ಲಿ ಮಲಗುವುದಿಲ್ಲ. ಗ್ರೀಕ್ ಆಮೆ, ಹರ್ಮನ್ ಆಮೆಯಂಥ ಮೆಡಿಟರೇನಿಯನ್ ಸುತ್ತಿನವು ಮಲಗುತ್ತವೆ. ಸಲ್ಕಾಟಾ ಮಲಗುವುದಿಲ್ಲ, ನಮ್ಮ ನಾಡಿನ ನಕ್ಷತ್ರ ಆಮೆಯೂ ಮಲಗುವುದಿಲ್ಲ. ಇವು ಚಳಿಯಲ್ಲಿ ಮಂಕಾದರೆ ಅದು ನಿದ್ದೆಯಲ್ಲ, ಮೈ ತಣ್ಣಗಾಗಿ ಕರುಳು ಕೆಲಸ ನಿಲ್ಲಿಸಿದೆ ಎಂದು ಅರ್ಥ. ಮಲಗುವ ಜಾತಿಯದೇ ಆದರೂ ಕಾಯಿಲೆಯ ಆಮೆಯನ್ನು ಮಲಗಲು ಬಿಡಬಾರದು.

ಬೇಸಿನ್ನಿನ ಸ್ನಾನ

ಚಿಕಿತ್ಸೆಯಲ್ಲಿ ವೈದ್ಯೆ ಹಿಡಿದ ಕ್ರಮ ನನಗೆ ಹಿಡಿಸಿತು. ಮೊದಲು ಬಿಸಿ, ನಂತರ ನೀರು, ಕೊನೆಗೆ ಊಟ. ನಮ್ಮ ಹೆಂಗಸರ ಸ್ವಭಾವ ಇದಕ್ಕೆ ತದ್ವಿರುದ್ಧ. ಯಾರಾದರೂ ಸೊರಗಿದರೆ ಮೊದಲು ಬಾಯಿಗೆ ತುತ್ತು ತುರುಕುತ್ತೇವೆ. ತಣ್ಣಗಿರುವ, ಒಣಗಿರುವ ಆಮೆಯ ಹೊಟ್ಟೆಗೆ ಆಹಾರ ಹೋದರೆ ಅದು ಜೀರ್ಣವಾಗದೆ ಅಲ್ಲೇ ಕೊಳೆಯುತ್ತದೆ.

ಆಮೆಯ ರಕ್ತಕ್ಕೆ ಸ್ವಂತ ಬಿಸಿಯಿಲ್ಲ. ಹೊಸ ಬಲ್ಬ್ ಹಾಕಿ, ಅದರ ಅಡಿಯಲ್ಲಿ 35 ಡಿಗ್ರಿ, ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ 27-28 ಡಿಗ್ರಿ ಇರುವಂತೆ ಮಾಡಿದರು. ಬಿಸಿ ಬೇಕಾದಾಗ ಇತ್ತ, ಬೇಡವಾದಾಗ ಅತ್ತ, ಅದೇ ನಡೆದುಕೊಳ್ಳಲಿ ಎಂದು. ಮೊದಲ ಐದು ದಿನ ಕ್ಲಿನಿಕ್ಕಿನಲ್ಲಿ ಚರ್ಮದಡಿಗೆ ಸೂಜಿಯಿಂದ ನೀರು ಕೊಟ್ಟರು. ಮನೆಯಲ್ಲಿ ದಿನಕ್ಕೆರಡು ಬಾರಿ ಬೇಸಿನ್ನಿನ ಸ್ನಾನ.

ಈ ಸ್ನಾನವೊಂದನ್ನು ಕಲಿತರೆ ಸಣ್ಣ ಪ್ರಮಾಣದ ನೀರಿನ ಕೊರತೆಯನ್ನು ಮನೆಯಲ್ಲೇ ಸರಿಪಡಿಸಬಹುದು. ಜಾರದ, ಒಳಗಿಂದ ಹೊರಗೆ ಕಾಣದ ಬೇಸಿನ್ ತೆಗೆದುಕೊಳ್ಳಿ. ಪಾರದರ್ಶಕವಾಗಿದ್ದರೆ ಆಮೆ ಗೋಡೆ ಹತ್ತಲು ಹೆಣಗಾಡುತ್ತಲೇ ಇರುತ್ತದೆ. ನೀರು ಹಸುಗೂಸಿನ ಸ್ನಾನದ ನೀರಿಗಿಂತ ತುಸು ಕಡಿಮೆ ಬೆಚ್ಚಗಿರಲಿ, ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನಿಸಬೇಕು. ಆಳ ಎಷ್ಟು? ಮೇಲಿನ ಚಿಪ್ಪು ಕೆಳಗಿನ ಚಿಪ್ಪಿಗೆ ಸೇರುವ ಗೆರೆಯವರೆಗೆ, ತಲೆ ಆರಾಮವಾಗಿ ನೀರಿನ ಮೇಲಿರುವಂತೆ. ಇಪ್ಪತ್ತು ನಿಮಿಷ ಬಿಡಿ. ನೀರು ತಣಿದರೆ ಬದಲಿಸಿ. ಮಲ ಮೂತ್ರ ಮಾಡಿದರೆ ಕೂಡಲೇ ಬದಲಿಸಿ, ಅದೇ ನೀರನ್ನು ಅದು ಕುಡಿಯುತ್ತದೆ. ನೆಲದ ಆಮೆಗೆ ಈಜು ಬಾರದು ಎಂಬುದು ನೆನಪಿರಲಿ. ಫೋನ್ ಬಂತೆಂದು, ಕುಕ್ಕರ್ ಕೂಗಿತೆಂದು ಬಿಟ್ಟು ಹೋಗಬೇಡಿ.

ನಾನು ನೋಡಿದ ಮೊದಲ ಸ್ನಾನ ಈಗಲೂ ಕಣ್ಣ ಮುಂದಿದೆ. ಆಮೆ ಕೆಲವು ನಿಮಿಷ ಸುಮ್ಮನಿತ್ತು. ಆಮೇಲೆ ಕುತ್ತಿಗೆಯನ್ನು ಉದ್ದಕ್ಕೆ ಚಾಚಿ, ಮೂತಿಯನ್ನು ನೀರಿಗಿಟ್ಟು, ಗಂಟಲು ಸಣ್ಣಗೆ ಏರಿಳಿಯುವಂತೆ ಕುಡಿಯತೊಡಗಿತು. ಬಹಳ ಹೊತ್ತು ಕುಡಿಯಿತು. ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ತಂಗಿ ಮಾತ್ರ ತಲೆ ತಗ್ಗಿಸಿ, "ಎರಡು ವರ್ಷ ಇದಕ್ಕೆ ಒಂದು ತಟ್ಟೆ ನೀರು ಕೊಡಲಿಲ್ಲವಲ್ಲ ಆಪಾ" ಎಂದಳು. ಅವಳನ್ನು ಸಮಾಧಾನ ಮಾಡುವ ಮಾತು ನನಗೆ ಹೊಳೆಯಲಿಲ್ಲ.

ಮರಿಗಳಿಗೆ ಈ ಸ್ನಾನ ದಿನವೂ ಬೇಕು. ದೊಡ್ಡವಕ್ಕೆ ವಾರಕ್ಕೆ ಎರಡು ಮೂರು ಬಾರಿ ಸಾಕು. ಅದರ ಜೊತೆಗೆ ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ಸದಾ ನೀರಿರಲಿ, ಗಿಡದ ಕುಂಡದಡಿ ಇಡುವ ತಟ್ಟೆ ಇದಕ್ಕೆ ಬಹಳ ಅನುಕೂಲ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ತೆಂಗಿನ ನಾರಿನ ಪುಡಿಯನ್ನು ತುಸು ಒದ್ದೆ ಮಾಡಿ, ಮೇಲೆ ಮಗುಚಿದ ಕುಂಡವಿಟ್ಟರೆ ಅದೇ ಅದರ ಬಿಲ. ಒದ್ದೆ ಮೂಲೆ ಬೆಚ್ಚಗಿರಲೇಬೇಕು. ಒದ್ದೆಯೂ ತಂಪೂ ಸೇರಿದರೆ ನ್ಯುಮೋನಿಯಾಕ್ಕೆ ದಾರಿ.

ತೇವದಿಂದ ಇನ್ನೊಂದು ಲಾಭವಿದೆ. ಸಾಕಿದ ಆಮೆಗಳ ಚಿಪ್ಪಿನ ಮೇಲೆ ಸಾಲು ಸಾಲು ಗೋಪುರದಂಥ ಉಬ್ಬುಗಳನ್ನು ನೀವು ಕಂಡಿರಬಹುದು. ಚೆಂದವೆಂದು ಕೆಲವರು ಭಾವಿಸುತ್ತಾರೆ, ಅದು ಬೆಳವಣಿಗೆಯ ದೋಷ. ಹೆಚ್ಚು ಪ್ರೋಟೀನ್ ತಿಂದರೆ ಹಾಗಾಗುತ್ತದೆ ಎಂದು ಬಹುಕಾಲ ಹೇಳುತ್ತಿದ್ದರು. 2003ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಒಂದು ಅಧ್ಯಯನದಲ್ಲಿ ಸಲ್ಕಾಟಾ ಮರಿಗಳನ್ನೇ ಬೇರೆ ಬೇರೆ ತೇವದಲ್ಲಿ ಬೆಳೆಸಿ ನೋಡಿದರು. ಒಣ ಗಾಳಿಯಲ್ಲಿ ಬೆಳೆದವಕ್ಕೆ ಉಬ್ಬು ಹೆಚ್ಚು ಬಂದಿತ್ತು, ಪ್ರೋಟೀನ್ ಹೆಚ್ಚು ಕಡಿಮೆಯಾದದ್ದರಿಂದ ಅಷ್ಟು ವ್ಯತ್ಯಾಸವಾಗಿರಲಿಲ್ಲ. ನಮ್ಮ ಹುಡುಗನ ಆಮೆಯ ಬೆನ್ನಿನ ಮೇಲೂ ಉಬ್ಬುಗಳಿವೆ. ಬಂದದ್ದು ಹೋಗುವುದಿಲ್ಲ. ಹೊಸದಾಗಿ ಬೆಳೆಯುವ ಭಾಗ ನುಣ್ಣಗೆ ಬಂದರೆ ಅಷ್ಟೇ ಸಾಕು ಎಂದರು ವೈದ್ಯೆ.

ಮಾಡಬಾರದ ಕೆಲಸಗಳು

ಕುಡಿಯದ ಆಮೆಯ ಬಾಯಿಗೆ ಸಿರಿಂಜಿನಿಂದ ನೀರು ಸುರಿಯುವುದು ನಮ್ಮ ಮೊದಲ ಉಪಾಯ. ದಯವಿಟ್ಟು ಬೇಡ. ಅದರ ಉಸಿರಿನ ದ್ವಾರ ನಾಲಗೆಯ ಬುಡದಲ್ಲೇ ಇದೆ. ನಮ್ಮಂತೆ ಕೆಮ್ಮಿ ಹೊರಹಾಕುವ ಶಕ್ತಿ ಅದಕ್ಕಿಲ್ಲ, ನೀರು ನೇರ ಶ್ವಾಸಕೋಶಕ್ಕೆ ಇಳಿದೀತು. ಮಕ್ಕಳಿಗೆ ಕೊಡುವ ಓ.ಆರ್.ಎಸ್., ಗ್ಲೂಕೋಸ್ ಪುಡಿ, ಜೇನುತುಪ್ಪ ಯಾವುದೂ ಬೇಡ. ನಲ್ಲಿಯ ಸಾದಾ ನೀರೇ ಸಾಕು.

ಹುಳದ ಔಷಧಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಆಡು, ದನ, ನಾಯಿಗಳಿಗೆ ಕೊಡುವ ಐವರ್‌ಮೆಕ್ಟಿನ್ ಎಂಬ ಔಷಧಿ ಆಮೆಗಳಿಗೆ ವಿಷ. ಲಕ್ವ ಹೊಡೆದು ಸಾಯುತ್ತವೆ. ಎಲ್ಲ ಪಶುವೈದ್ಯರೂ ಆಮೆಗಳನ್ನು ನೋಡಿದವರಲ್ಲ. ಚುಚ್ಚುಮದ್ದು ಕೊಡುವ ಮುನ್ನ ಅದರ ಹೆಸರು ಕೇಳಲು ಸಂಕೋಚಪಡಬೇಡಿ. ವಿಟಮಿನ್ 'ಎ' ಚುಚ್ಚುಮದ್ದು ಹೆಚ್ಚಾದರೆ ಚರ್ಮವೇ ಸುಲಿದು ಬರುತ್ತದೆ.

ಇತರ ಕಾಯಿಲೆಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಕುತ್ತಿಗೆ ಚಾಚಿ ಉಸಿರಾಡುವುದು, ಸಿಳ್ಳೆಯಂಥ ಸದ್ದು ಕೇಳಿಸಿದರೆ ಶ್ವಾಸಕೋಶದ ಸೋಂಕು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಬಾಯೊಳಗೆ ಪನೀರಿನ ಚೂರಿನಂಥ ಹಳದಿ ಪದರ ಕಂಡರೆ ಬಾಯಿಹುಣ್ಣು. ಚಿಪ್ಪಿನ ಮೇಲೆ ಮೆತ್ತಗಿನ, ವಾಸನೆ ಬರುವ ಕಲೆ ಬಿದ್ದರೆ ಚಿಪ್ಪು ಕೊಳೆಯುತ್ತಿದೆ. ಬೆಳೆದ ಆಮೆಯ ಇಡೀ ಚಿಪ್ಪು ಒತ್ತಿದರೆ ಬಗ್ಗುವಂತಿದ್ದರೆ ಕ್ಯಾಲ್ಸಿಯಂ ಕೊರತೆ. ಇದಕ್ಕೆ ಬಿಸಿಲೇ ಮದ್ದು. ಆದರೆ ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಪ್ರಯೋಜನವಿಲ್ಲ, ಮೂಳೆಗೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ಎಳೆ ಬಿಸಿಲು, ಪಕ್ಕದಲ್ಲೇ ನೆರಳು, ಇಷ್ಟು ಬೇಕು. ಬಿಸಿಲು ಸಿಗದ ಮನೆಯಲ್ಲಿ ಯು.ವಿ.ಬಿ. ದೀಪ ಹಾಕಬೇಕು. ಹಾಗೆಂದು ಜುಲೈ ತಿಂಗಳ ಗಲ್ಫಿನ ಮಧ್ಯಾಹ್ನ ಬಾಲ್ಕನಿಯಲ್ಲಿ ಬಿಟ್ಟರೆ ಆಮೆ ಬೆಂದೇ ಹೋಗುತ್ತದೆ. ಬಾಯಲ್ಲಿ ನೊರೆ ಬಂದರೆ ಒಳಗೆ ತಂದು ಸಾದಾ ನೀರಿನಲ್ಲಿಟ್ಟು ನಿಧಾನ ತಣಿಸಿ, ಐಸ್ ನೀರು ಹಾಕಬೇಡಿ.

ಊಟದಲ್ಲಿ ಮುಖ್ಯವಾಗಿ ಹುಲ್ಲು, ಒಣಹುಲ್ಲು. ದಾಸವಾಳದ ಎಲೆ, ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ ಒಳ್ಳೆಯದು. ಗಲ್ಫಿನ ಸೂಕುಗಳಲ್ಲಿ ಕಟ್ಟು ಕಟ್ಟಾಗಿ ಸಿಗುವ ಕುದುರೆ ಮಸಾಲೆ ಸೊಪ್ಪು ಅಪರೂಪಕ್ಕೆ ಇರಲಿ. ಪಾಲಕ್ ದಿನವೂ ಬೇಡ. ಅನ್ನ, ರೊಟ್ಟಿ, ಹಾಲು, ಬೆಕ್ಕಿನ ಆಹಾರ ಎಂದಿಗೂ ಬೇಡ.

ತಕ್ಕಡಿ ಬೇರೆ ಇರಲಿ ಎಂದೆನಲ್ಲ, ಕಾರಣ ಸಾಲ್ಮೊನೆಲ್ಲಾ. ಆಮೆ ಗಟ್ಟಿಮುಟ್ಟಾಗಿದ್ದರೂ ಅದರ ಮಲದಲ್ಲಿ ಈ ರೋಗಾಣು ಇರಬಹುದು. ಮಕ್ಕಳಿಗೆ ತೀವ್ರ ಜ್ವರ, ಭೇದಿ ತರುತ್ತದೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುವುದಕ್ಕೆಂದು ಮಾರುವುದನ್ನೇ ನಿಷೇಧಿಸಿದ್ದಾರೆ, ಮಕ್ಕಳು ಅವನ್ನು ಬಾಯಿಗಿಟ್ಟುಕೊಳ್ಳುತ್ತಿದ್ದರು. ಸ್ನಾನದ ಬೇಸಿನ್ನನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ತೊಳೆಯಬೇಡಿ. ಮುಟ್ಟಿದವರೆಲ್ಲ ಸೋಪಿನಿಂದ ಕೈ ತೊಳೆಯಲಿ. ಐದು ವರ್ಷದೊಳಗಿನ ಮಗು, ಗರ್ಭಿಣಿ, ಮುದುಕರು ಇರುವ ಮನೆಗೆ ಆಮೆ ಬೇಡವೆಂದೇ ನನ್ನ ಅಭಿಪ್ರಾಯ.

ಊರಿನ ಮನೆಗಳಲ್ಲಿ

ಇದನ್ನು ಓದಿ ಊರಿನಲ್ಲಿ ಯಾರಾದರೂ ಆಮೆ ಕೊಳ್ಳಲು ಹೊರಟರೆ ನನಗೆ ಬೇಸರವಾದೀತು. ಕೋಲಾರದ ಕಡೆಯ ಕುರುಚಲು ಕಾಡುಗಳಲ್ಲಿ ಸಿಗುವ ನಕ್ಷತ್ರ ಆಮೆಯನ್ನು ಮನೆಗೆ ಅದೃಷ್ಟವೆಂದು ಗುಟ್ಟಾಗಿ ಮಾರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. 2019ರಿಂದ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಅತಿ ಕಟ್ಟುನಿಟ್ಟಿನ ತಡೆಯಿದೆ. ಯಾರದೋ ಮನೆಯಲ್ಲಿ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದು ದಾರಿ. ಕೆರೆಗೆ ಬಿಟ್ಟರೆ ಮುಳುಗಿ ಸಾಯುತ್ತದೆ, ಅದು ನೀರಾಮೆಯಲ್ಲ. ಸಲ್ಕಾಟಾದಂಥ ಹೊರದೇಶದ ಆಮೆಯನ್ನು ಭಾರತದಲ್ಲಿ ಇಟ್ಟುಕೊಂಡವರು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು.

ಅಂಗಡಿಯವನು ಹೇಳದೆ ಬಿಟ್ಟ ಇನ್ನೊಂದು ಸಂಗತಿಯಿದೆ. ಗ್ಯಾಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಅತಿ ದೊಡ್ಡದು ಸಲ್ಕಾಟಾ. ಗಂಡಾಮೆ ಐವತ್ತು ಕಿಲೋ ಮೀರಿ, ಒಂದು ಅಕ್ಕಿ ಮೂಟೆಯಷ್ಟು ತೂಗಬಲ್ಲದು. ನಮ್ಮ ಹುಡುಗ ಮುದುಕನಾಗುವವರೆಗೂ ಬದುಕಬಲ್ಲದು. ತಂಗಿಯ ಯಜಮಾನರು ನಾಲ್ಕೈದು ವರ್ಷದಲ್ಲಿ ಊರಿಗೆ ಮರಳುವ ಯೋಚನೆಯಲ್ಲಿದ್ದಾರೆ. ಗಡಿ ದಾಟಿಸಲು ಎರಡೂ ದೇಶಗಳ ಪರವಾನಗಿ ಬೇಕು, ಸೂಟ್‌ಕೇಸಿನಲ್ಲಿಟ್ಟು ತರುವ ವಸ್ತುವಲ್ಲ ಅದು. "ಅಂಗಳವಿರುವ ಒಳ್ಳೆಯ ಮನೆ ಈಗಿನಿಂದಲೇ ಹುಡುಕಿ" ಎಂದು ವೈದ್ಯೆ ಹೇಳಿದ್ದಾರೆ. ಹುಡುಗನಿಗೆ ಇದನ್ನು ಇನ್ನೂ ಹೇಳಿಲ್ಲ. ನೀನೇ ಹೇಳು ಆಪಾ, ನೀನು ಟೀಚರ್ ಎಂದು ತಂಗಿ ನನ್ನ ತಲೆಗೆ ಕಟ್ಟಿದಳು. ಒಂದು ತಿಂಗಳು ಇದ್ದರೂ ನನಗೂ ಬಾಯಿ ಬರಲಿಲ್ಲ.

ನಾನು ಹೊರಟ ದಿನ ಬೆಳಿಗ್ಗೆ ಅವನು ಆಮೆಯನ್ನು ತಕ್ಕಡಿಯ ಮೇಲಿಟ್ಟ. 733 ಗ್ರಾಂ. ಕ್ಯಾಲೆಂಡರಿನಲ್ಲಿ ಬರೆದು, ಬೇಸಿನ್ನಿಗೆ ನೀರು ತುಂಬಿ, ಮೊಣಕೈ ಅದ್ದಿ ನೋಡಿ, "ಖಾಲಾ, ನೀವೂ ನೋಡಿ, ಸರಿ ಇದೆಯಾ?" ಎಂದು ಕೇಳಿದ.